ದಿಂಬಿನಡಿಯ ಮಾತ್ರೆ

ಲೋಕದಲ್ಲಿ ಯುದ್ಧ, ಶಾಂತಿ ಮುಂತಾದ ಗಂಭೀರ ವಿಷಯಗಳು ಇದ್ದೇ ಇವೆ. ಅವಕ್ಕೆಲ್ಲ ಮಿಗಿಲಾದ ಪ್ರಶ್ನೆಯೊಂದು ಆ ಬೆಳಿಗ್ಗೆ ಏಳಕ್ಕೆ ಮೂಳೆ ವಾರ್ಡಿನ ನಾಲ್ಕನೇ ಮಂಚದಲ್ಲಿ ತೀರ್ಮಾನವಾಗಬೇಕಿತ್ತು: ಒಂದು ಬಿಳಿ ಮಾತ್ರೆಯನ್ನು ಈಗ ನುಂಗುವುದೋ, ಆಮೇಲೋ?

ಮಂಚದ ಮೇಲಿದ್ದವಳು ಬೈಕ್ ಮೆಕ್ಯಾನಿಕ್. ಹತ್ತು ಗಂಟೆಗೆ ಅವಳ ಮೊಣಕಾಲಿನ ಹರಿದ ಲಿಗಮೆಂಟಿಗೆ ಆಪರೇಷನ್. ಮಾತ್ರೆ ಹಿಡಿದು ನಿಂತವನು ನರ್ಸ್. ವಾರ್ಡಿನವರೆಲ್ಲ ಅವನನ್ನು ‘ಬ್ರದರ್’ ಎನ್ನುತ್ತಿದ್ದರು. ಅವಳು ಮಾತ್ರ ಮೂರು ದಿನದಿಂದ ‘ರೀ’ ಎನ್ನುತ್ತಿದ್ದಳು. ಕಾರಣ ಯಾರೂ ಕೇಳಿರಲಿಲ್ಲ.

"ನೋವೇ ಇಲ್ವಲ್ರೀ! ಮಾತ್ರೆ ಯಾಕೆ?"

"ಆಪರೇಷನ್ ಆದ್ಮೇಲೆ ನೋವು ಕಡಿಮೆ ಇರ್ಲಿ ಅಂತ. ಇಂಜಿನ್ ಸೀಜ್ ಆದ್ಮೇಲೆ ಆಯಿಲ್ ಹಾಕ್ತೀರಾ ನೀವು?"

ತನ್ನ ಕಸುಬಿನ ಮಾತನ್ನೇ ತನಗೆ ತಿರುಗಿಸಿದ್ದು ಅವಳಿಗೆ ಸಹಿಸಲಾಗಲಿಲ್ಲ. ‘ನನ್ನನ್ನ ಅಳುಬುರುಕಿ ಅಂದ್ಕೊಂಡಿದಾನೆ...’

ನೀರು ಕುಡಿದಳು. ಬಾಯಿ ತೆರೆದು ತೋರಿಸಿದಳು. ಅವನು ಚಾರ್ಟಿಗೆ ಸಹಿ ಹಾಕಿ ಹೋದ. ಮಾತ್ರೆ ದವಡೆಯ ಸಂದಿಯಿಂದ ಟಿಶ್ಯೂಗೆ, ಟಿಶ್ಯೂ ದಿಂಬಿನಡಿಗೆ ಹೋಯಿತು. ನೋವು ಬಂದಾಗ ನುಂಗಿದರಾಯಿತು!

ಆಪರೇಷನ್ ಮುಗಿದು, ಅರಿವಳಿಕೆ ಇಳಿದು, ನೋವು ಮಧ್ಯಾಹ್ನ ಬಂತು. ಒಂಟಿಯಾಗಿ ಅಲ್ಲ, ಬಂಧುಬಳಗ ಸಮೇತ. ದಿಂಬಿನಡಿಗೆ ಕೈ ಹಾಕಲೂ ಬಿಡಲಿಲ್ಲ.

ಅವಳ ಕೂಗಿಗೆ ದೊಡ್ಡ ಡಾಕ್ಟರೇ ಓಡಿಬಂದರು. ಇಂಜೆಕ್ಷನ್ ಕೊಡಿಸಿ, ಚಾರ್ಟ್ ನೋಡಿ, ನರ್ಸಿನತ್ತ ತಿರುಗಿದರು.

"ಮಾತ್ರೆ ಕೊಟ್ಟಿದ್ರೆ ಇಷ್ಟು ನೋವು ಬರ್ತಿತ್ತೇನಯ್ಯಾ? ಕೊಡದೇ ಸಹಿ ಹಾಕಿದೀಯ! ನಾಳೆಯಿಂದ ಈ ವಾರ್ಡಿಗೆ ಕಾಲಿಡ್ಬೇಡ!"

"ಕೊಟ್ಟಿದೀನಿ ಸರ್."

ಅಷ್ಟೇ ಅಂದ. ಅವಳ ಕಡೆ ನೋಡಲೂ ಇಲ್ಲ. ನೋಡಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ...

ದಿಂಬಿನಡಿಯಿಂದ ಟಿಶ್ಯೂ ಎಳೆದು ಡಾಕ್ಟರ ಮುಂದೆ ಹಿಡಿದಳು.

"ಅವರಿಗ್ಯಾಕೆ ಬೈತೀರಾ ಸರ್? ಕಳ್ಳಿ ಇಲ್ಲಿದೀನಿ! ನಂಗೆ ಬೈರಿ. ಕಾಲು ಬೇರೆ ಸರಿಯಿಲ್ಲ, ಓಡಿಹೋಗಲ್ಲ!"

ಡಾಕ್ಟರು ಮಾತ್ರೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ನಾಳೆ ಇಲ್ಲೇ ಡ್ಯೂಟಿಗೆ ಬಾರಯ್ಯ" ಎಂದು ಗೊಣಗಿ ಹೊರಟುಹೋದರು.

"ಯಾಕೆ ನುಂಗ್ಲಿಲ್ಲ?" ಅವನು ಕೇಳಿದ.

"ನೀವು ನನ್ನ ಅಳುಬುರುಕಿ ಅಂದ್ಕೋಬಾರ್ದು ಅಂತ."

"ಈಗ ಇಡೀ ವಾರ್ಡಿಗೆ ಕೇಳೋ ಹಾಗೆ ಅತ್ರಲ್ಲ!"

"ಅತ್ತೆ! ಏನೀಗ? ನಿಮ್ಮ ಮುಂದೆ ಅಲ್ದೆ ಇನ್ಯಾರ ಮುಂದೆ ಅಳ್ಲಿ?"

ಮಾತು ಜಾರಿಹೋಗಿತ್ತು. ಆಡಿದ ಮಾತನ್ನು ವಾಪಸ್ ಪಡೆಯುವ ಹೆಣ್ಣಲ್ಲ ಅವಳು. ಗಲ್ಲವೆತ್ತಿ ಅವನನ್ನೇ ನೋಡಿದಳು.

"ಇನ್ಮೇಲೆ ಕೊಟ್ರೆ ನುಂಗ್ತೀರಾ?"

"ಸರಿಯಾದ ಕಾರಣ ಹೇಳಿದ್ರೆ."

"ನೀವು ಅಳೋದನ್ನ... ನನ್ನಿಂದ ನೋಡಕ್ಕಾಗಲ್ಲ. ಅದನ್ನ ಬರೆಯೋಕೆ ಚಾರ್ಟಲ್ಲಿ ಜಾಗ ಇಲ್ಲ ನೋಡಿ."

ಸಂಜೆ ಮಾತ್ರೆಯ ಹೊತ್ತಿಗೆ ಅವಳೇ ಅಂಗೈ ಚಾಚಿದಳು. ಅವನು ಮಾತ್ರೆ ಇಟ್ಟ. ನುಂಗಿ, ಯಾರೂ ಕೇಳದಿದ್ದರೂ ನಾಲಿಗೆ ಎತ್ತಿ ತೋರಿಸಿದಳು.

ಆರು ತಿಂಗಳಿಗೆ ಕಾಲು ಸರಿಹೋಯಿತು. ಏಳನೇ ತಿಂಗಳು ಮದುವೆಯಾಯಿತು.