ಕುರಿಯನ್ನು ಒಲಿಸಿದ ಹಾಡು

ಒಂದಾನೊಂದು ಕಾಲದಲ್ಲಿ ಒಂದು ಕುರಿ ತಾನು ಹೆತ್ತ ಮರಿಯನ್ನೇ ಒದೆಯಿತು. ಸೆವ್ಜಿದ್ ಅಜ್ಜಿಯ ಕಥೆಗಳು ಹೀಗೇ ಶುರುವಾಗುತ್ತಿದ್ದವು. ಇದು ಮಾತ್ರ ಕಥೆಯಲ್ಲ, ನಡೆದದ್ದು. ಆ ವರ್ಷದ ಹಿಮಕ್ಕೆ ಮಂದೆಯೆಲ್ಲ ಸತ್ತು, ಒಂದು ಕುರಿ ಮತ್ತು ಅದು ಹತ್ತಿರ ಸೇರಿಸದ ಮರಿ ಉಳಿದಿದ್ದವು. "ಹಾಡಿ ಒಲಿಸೇ, ಮರಿ ಹಾಲು ಕುಡೀಲಿ," ಎಂದು ನನ್ನಿಂದ ಮಾತು ತೆಗೆದುಕೊಂಡೇ ಅಜ್ಜಿ ಕಣ್ಣು ಮುಚ್ಚಿದಳು.

ಅವಳು ಹೋದ ಮೂರನೆಯ ದಿನ ಮಧ್ಯಾಹ್ನ ದಾಗ್ವ ಅಣ್ಣ ಕುರಿಯನ್ನು ಹಿಡಿದುಕೊಂಡ. ಮರಿಯನ್ನು ಒಲ್ಲದ ಕುರಿಗೆ ಅಜ್ಜಿ ಹಾಡುತ್ತಿದ್ದಂತೆ ನಾನು "ತೊಯ್ಗ್, ತೊಯ್ಗ್" ಎಂದು ಹಾಡಿದೆ. ಕುರಿ ಮರಿಯನ್ನು ಒದೆಯಿತು.

"ನಿನ್ನ ರಾಗಕ್ಕೆ ತೋಳಾನೂ ಓಡಿಹೋಗುತ್ತೆ ಬಿಡೇ," ಎಂದ ಅಣ್ಣ.

ನಾನು ಹಾಡುವುದನ್ನು ಬಿಟ್ಟು ಮರಿಯನ್ನು ಮತ್ತೆ ಕೆಚ್ಚಲಿನತ್ತ ತಳ್ಳಿದೆ. ಹಾಡು ಮಾತ್ರ ನಿಲ್ಲಲಿಲ್ಲ. ನನ್ನ ಕಿವಿಯ ಪಕ್ಕದಲ್ಲಿ ಬೆಚ್ಚಗಿನ ಉಸಿರು ಆಡಿತು.

"ಈಗ ಅಜ್ಜಿ ಥರಾನೇ ಹಾಡ್ತಿದೀಯ, ನಿಲ್ಲಿಸ್ಬೇಡ," ಎಂದ ಅಣ್ಣ, ತಲೆ ಎತ್ತದೆ.

ನಾನು ತುಟಿ ಬಿಚ್ಚಿರಲಿಲ್ಲ. ಕುರಿ ನನ್ನ ಹೆಗಲಿನಾಚೆ ದಿಟ್ಟಿಸುತ್ತ ಕಾಲು ಸಡಿಲಿಸಿತು. ಮರಿ ಹಾಲು ಕುಡಿಯಿತು.