ನಡುಮನೆಯ ಜಾಗ

ಸಂಜೆ ಮಾಂತೇಶ ಬಾಗಿಲು ತೆಗೆದು ನೋಡಿದರೆ ಟೀಪಾಯಿ ಮತ್ತೆ ಗೋಡೆಗೆ ಹೋಗಿ ನಿಂತಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವನೇ ಅದನ್ನು ನಡುಮನೆಯ ನಟ್ಟನಡುವೆ, ಫ್ಯಾನಿನ ಕೆಳಗೆ ಇಟ್ಟು ಹೋಗಿದ್ದ. ವಾರದಿಂದ ಇದೇ ಆಟ. ಅವನು ಇಡುವುದು, ಹೆಂಡತಿ ಸರಿಸುವುದು. ಹೊಸ ಮದುವೆ ನೋಡಿ, ಬಾಯಿಬಿಟ್ಟು ಜಗಳವಾಡಲು ಇಬ್ಬರಿಗೂ ಇನ್ನೂ ನಾಚಿಕೆ.

"ಟೀಪಾಯಿಗೆ ಕಾಲು ಬಂದಾವೇನು?" ಎಂದ.

"ಮೊದಲಿಂದಾನೂ ನಾಕು ಅದಾವಲ್ರಿ," ಅಡುಗೆಮನೆಯಿಂದ ರೋಹಿಣಿಯ ದನಿ ಬಂತು. ನಗು ತಡೆದುಕೊಂಡ ದನಿ.

ಗದಗಿನ ಮುಳಗುಂದ ನಾಕಾದ ಹತ್ತಿರ, ಮಹಡಿಯ ಮೇಲೆ, ಅವರ ಮೊದಲ ಬಾಡಿಗೆ ಮನೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬಾರದೆಂದು ಕೆಳಗಿನ ಮನೆಯೊಡತಿ ನೀಲಗಂಗವ್ವ ಕಟ್ಟಪ್ಪಣೆ ಮಾಡಿದ್ದಳು. ಆದರೂ ಮನೆ ಚೆಂದವಾಗಿತ್ತು. ಪರದೆಗೆ ನವಿಲು ಬಣ್ಣ ಬೇಕೆಂದು ಅವಳು ಅಂಗಡಿಯಲ್ಲಿ ಹಟ ಹಿಡಿದಾಗ, ಅವನು ಬಟ್ಟೆ ನೋಡುವುದು ಬಿಟ್ಟು ಅವಳನ್ನೇ ನೋಡುತ್ತಾ "ಆತು, ಆತು" ಅಂದಿದ್ದ. ಅವನಿಗೆ ಅದೇ ಚಟ. ಅವಳು ಕೆಲಸ ಮಾಡುವ ಚಷ್ಮಾದ ಅಂಗಡಿಗೆ, ಕಣ್ಣು ಚೆನ್ನಾಗಿದ್ದರೂ ಮತ್ತೆ ಮತ್ತೆ ತಪಾಸಣೆಗೆ ಹೋಗಿ ಪ್ರೀತಿ ಸಂಪಾದಿಸಿದವನು ಅವನು.

ಚಹಾ ತಂದಳು. ಅಡುಗೆಮನೆಯ ಬಾಗಿಲಿನಿಂದ ನೇರ ನಡೆದು ಬಂದರೆ ಆಯಿತು. ಅವಳು ಹಾಗೆ ಬರುವವಳಲ್ಲ. ಗೋಡೆಗುಂಟ, ಸೋಫಾ ಸವರಿಕೊಂಡು, ಪರದೆಗೆ ಭುಜ ತಾಗಿಸಿಕೊಂಡು, ಖಾಲಿ ನಡುಮನೆಯನ್ನು ಪೂರ್ತಿ ಸುತ್ತಿ ಬರುತ್ತಾಳೆ. ಕಣ್ಣು ಕಪ್ಪಿನ ಮೇಲೆ. ಕೊನೆಯ ತಿರುವಿನಲ್ಲಿ ಮಾತ್ರ ಒಮ್ಮೆ ರೆಪ್ಪೆ ಎತ್ತಿ ಅವನನ್ನು ನೋಡುತ್ತಾಳೆ. ಆ ಒಂದು ನೋಟಕ್ಕಾಗಿ ಅವನು ದಿನಾ ಎರಡನೇ ಕಪ್ಪು ಚಹಾ ಕೇಳುತ್ತಿದ್ದ.

ಆದರೆ ಅಸುಂಡಿಯಿಂದ ಅವನ ತಾಯಿ ಅಮೃತವ್ವ ಬಂದುಹೋದ ಮೇಲೆ ಆ ನೋಟಕ್ಕಿಂತ ಮೊದಲು ಖಾಲಿ ಜಾಗವೇ ಅವನ ಕಣ್ಣಿಗೆ ಬೀಳುತ್ತಿತ್ತು. ಜೋಳದ ಚೀಲ ಇಳಿಸಿ, ಮನೆಯನ್ನೆಲ್ಲ ನೋಡಿ, ಆಕೆ ಮಗನ ಕಿವಿಯಲ್ಲಿ ಹೇಳಿದ್ದಳು: "ಏನೋ ಮಾಂತ್ಯಾ, ಸಾಮಾನೆಲ್ಲ ಗ್ವಾಡಿಗೆ ಹಚ್ಚೀರಿ? ನಾಳೆ ಮನಿ ಖಾಲಿ ಮಾಡೋರು ಇಟ್ಟಂಗ ಐತಿ."

ಆಕೆ ಹೇಳಿ ಮರೆತಳು. ಅವನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಬೆಟಗೇರಿಯ ನೇಕಾರರ ಮನೆಯ ಹುಡುಗಿ, ಒಕ್ಕಲುತನದವರ ಮನೆಯ ಹುಡುಗನನ್ನು ತಾನೇ ಮೆಚ್ಚಿ ಬಂದವಳು. ಬಂದದ್ದು ತಪ್ಪಾಯಿತೆಂದು ಈಗ ಅನ್ನಿಸುತ್ತಿದೆಯೇ? ಇಲ್ಲಿ ಬೇರೂರಲು ಮನಸ್ಸಿಲ್ಲದೆ ಸಾಮಾನನ್ನೆಲ್ಲ ಹೀಗೆ ಹೊರಡಲು ಸಿದ್ಧ ಮಾಡಿ ಇಟ್ಟಿದ್ದಾಳೆಯೇ? ಕೇಳಲು ಅವನಿಗೆ ಭಯ. ಕೇಳಿದರೆ ಹೌದು ಎಂದುಬಿಟ್ಟರೆ?

ಅದಕ್ಕೇ ಟೀಪಾಯಿಯನ್ನು ನಡುವೆ ಇಡುತ್ತಿದ್ದ. ಒಂದು ದಿನವಾದರೂ ಅವಳು ಅದನ್ನು ಅಲ್ಲೇ ಬಿಡಲಿ ಎಂಬುದೊಂದೇ ಅವನ ಆಸೆ.

ಆ ಭಾನುವಾರ ಬೆಟಗೇರಿಯಿಂದ ಊಟಕ್ಕೆ ಕರೆ ಬಂತು. ಮಾವನ ಮನೆಯ ಹೊಸಿಲನ್ನು ಅವನು ತುಳಿದದ್ದು ಅಂದೇ ಮೊದಲು. ನಮ್ಮಲ್ಲಿ ಜಾಗ ಸಾಲದು ಎಂದು ಮಾವ ಕುಬೇರಪ್ಪನವರು ಮದುವೆಯ ಮಾತುಕತೆಯನ್ನೆಲ್ಲ ಸಂಬಂಧಿಕರ ಮನೆಯಲ್ಲಿ ಮುಗಿಸಿದ್ದರು.

ಬಾಗಿಲು ದಾಟಿದರೆ ಎದುರಿಗೇ ಮಗ್ಗ. ನಡುಮನೆ ತುಂಬ ಅದೇ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಬೇರಪ್ಪನವರು ನೇಯುತ್ತಿದ್ದರು.

"ಬರ್ರಿ ಅಳಿಯಂದಿರ, ಕುಂಡ್ರಿ. ಸೀರಿ ಸೆರಗು ನೇಯಾಕ ಹಿಡದೀನಿ, ಅರ್ಧಕ್ಕ ಬಿಡಾಕ ಬರಂಗಿಲ್ಲ."

ಡಬ್ಬಿಗಳು, ಹಾಸಿಗೆಯ ಸುರುಳಿ, ಟಿವಿ, ದೇವರ ಫೋಟೋ, ಎಲ್ಲವೂ ಗೋಡೆಗೆ. ಅತ್ತೆ ಅಂಬವ್ವ ನೀರಿನ ತಂಬಿಗೆ ಹಿಡಿದು ಒಳಗಿನಿಂದ ಬಂದಳು. ಗೋಡೆಗುಂಟ, ಹಾಸಿಗೆ ಸವರಿಕೊಂಡು, ಮಗ್ಗವನ್ನು ಸುತ್ತಿ ಬಂದಳು. ಅದೇ ತಿರುವು, ಭುಜದ ಅದೇ ಓರೆ.

ಮಾಂತೇಶ ತಂಬಿಗೆ ಹಿಡಿದುಕೊಂಡು ನೀರು ಕುಡಿಯುವುದನ್ನೇ ಮರೆತ.

"ಸಣ್ಣಾಕಿದ್ದಾಗ ಒಮ್ಮೆ ಓಡಿ ಬಂದು ನೂಲು ಹರದ್ಲು ನೋಡ್ರಿ," ಅಂಬವ್ವ ಮಗಳ ಕಡೆ ತೋರಿಸಿ ನಕ್ಕಳು. "ಅವತ್ತು ಅವ್ರಪ್ಪ ಕೂಗ್ಯಾಡಿದ್ದಕ್ಕ ಇವತ್ತಿಗೂ ಗ್ವಾಡಿ ಬಿಟ್ಟು ಅಡ್ಡಾಡಂಗಿಲ್ಲ."

ಹಿಂತಿರುಗುವಾಗ ದಾರಿಯಲ್ಲಿ ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿದ. ಮನೆಗೆ ಬಂದು, ಪೊಟ್ಟಣ ಬಿಚ್ಚದೆ, ತಲೆ ತಗ್ಗಿಸಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿದ. "ನೀ ಬಿಟ್ಟು ಹೋಗ್ತಿ ಅಂತ ಅಂಜಿದ್ದೆ, ರೋಹಿಣಿ."

ಅವಳ ಮೂಗು ಕೆಂಪಾಯಿತು. "ಅಪ್ಪನ್ನ ಒಪ್ಪಸಾಕ ಊಟ ಬಿಟ್ಟು ಗುದ್ದಾಡಿದಾಕಿ ನಾನು. ಟೀಪಾಯಿ ಸರಿಸಿದ್ದಕ್ಕ ಬಿಟ್ಟು ಹೋಗ್ತೀನೇನ್ರಿ? ಇಷ್ಟ ದಿನ ಇದನ್ನ ಒಬ್ಬರ ಹೊತ್ತುಕೊಂಡು ತಿರಗಿದ್ರಿ? ನನಗೊಂದು ಮಾತು ಕೇಳಬಾರ್ದಾಗಿತ್ತೇನು?"

"ತಪ್ಪಾತು."

ಅವಳು ಕಣ್ಣು ಒರೆಸಿಕೊಂಡು ಸುತ್ತ ನೋಡಿದಳು. "ನಾ ಖರೇನ ಸುತ್ತಿ ಅಡ್ಡಾಡ್ತೀನೇನ್ರಿ?"

"ದಿನಾ. ಬೇಕಂದ್ರ ಒಂದು ಮಗ್ಗಾನ ಹಾಕೂನು ನಡುವ."

"ಮೊಳಿ ಹೊಡ್ಯಾಕ ಬಿಡದ ನೀಲಗಂಗವ್ವ ಕುಣಿ ತೋಡಾಕ ಬಿಡ್ತಾಳೇನು? ತೋಡಿದ್ರ ನೇಯೋರ ಕಾಲು ಕೆಳಗ ಅಕಿ ದೇವರ ಮನ್ಯಾಗ ಇಳೀತಾವು!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಅವಳು ಮೆಲ್ಲಗೆ ನಡುಮನೆಯ ನಡುವೆ ಹೋಗಿ ನಿಂತಳು. ಯಾರೋ ಗದರಿಸುತ್ತಾರೆಂಬಂತೆ ಒಮ್ಮೆ ಆಚೀಚೆ ನೋಡಿದಳು. ಆಮೇಲೆ ಕುಳಿತಳು. ಆಮೇಲೆ ಕೈಕಾಲು ಚಾಚಿ ತಂಪು ನೆಲದ ಮೇಲೆ ಮಲಗಿಯೇ ಬಿಟ್ಟಳು.

"ಅಯ್ಯ, ಇಲ್ಲಿ ಇಷ್ಟ ಗಾಳಿ ಬರ್ತೈತೇನ್ರಿ!"

ಹರಡಿದ ಕೂದಲು, ಅರ್ಧ ಮುಚ್ಚಿದ ಕಣ್ಣು. ಈ ಹುಡುಗಿಯನ್ನು ಎಷ್ಟು ನೋಡಿದರೂ ಸಾಲದು ಎಂದು ಮಾಂತೇಶನಿಗೆ ಎದೆ ತುಂಬಿ ಬಂತು. ಮಿರ್ಚಿಗೆ ತಟ್ಟೆ ತರಲು ಎದ್ದ. ಗೋಡೆಗುಂಟ, ಸೋಫಾ ಸವರಿಕೊಂಡು, ಪರದೆಗೆ ಭುಜ ತಾಗಿಸಿಕೊಂಡು ಅಡುಗೆಮನೆಯ ಕಡೆ ಹೊರಟ.

"ನೀವ್ಯಾಕ ಸುತ್ತಿ ಹೊಂಟ್ರಿ?"

"ಮನಿ ನಡುವ ನೀ ಇದ್ದೀಯಲ್ಲ," ಎಂದ.

ರೋಹಿಣಿ ತಿರುಗುವ ಫ್ಯಾನನ್ನೇ ನೋಡುತ್ತಿದ್ದಳು.

"ಹಂಗಾದ್ರ ನಾ ಏಳಂಗಿಲ್ಲ," ಎಂದಳು. "ಮಿರ್ಚಿ ಇಲ್ಲೇ ತರ್ರಿ."