ಮೂರನೇ ವ್ಯಾನಿಗೆ ಮುಟ್ಟದ ಬೀಪ್

"ಬೀಪ್ ಕೇಳಿಸ್ಲಿಲ್ವಾ ನಿಮಗೆ? ಕಿವಿ ಎಲ್ಲಿಟ್ಕೊಂಡಿದ್ರಿ?"

ವ್ಯಾನಿನ ಬಾಗಿಲು ತೆಗೆದು ಅವಳು ಆಡಿದ ಮೊದಲ ಮಾತೇ ಅದು. ಎರಡು ತಿಂಗಳಿಂದ ಹೆಡ್‌ಫೋನಿನಲ್ಲಿ ಬರೀ ದನಿಯಾಗಿದ್ದ ಮೂರನೇ ವ್ಯಾನಿನ ಚಾಲಕ ಅಂದು ಮೊದಲ ಸಲ ಎದುರಿಗಿದ್ದ. ಅವನ ವ್ಯಾನು ಮುಂದಿನದಕ್ಕೆ ಗುದ್ದಿ ಹಣೆ ಊದಿಕೊಂಡಿತ್ತು.

"ಬರ್ಲಿಲ್ಲ ಮೇಡಂ..." ಎಂದ ಮೆಲ್ಲಗೆ.

ಅದೇ ದನಿ! ಅದನ್ನು ಕೇಳಲೆಂದೇ ದಿನಾ ಹತ್ತು ನಿಮಿಷ ಮೊದಲೇ ಕಂಟ್ರೋಲ್ ರೂಮಿಗೆ ಬರುತ್ತಿದ್ದಳು ನಮ್ಮ ಇಂಜಿನಿಯರಮ್ಮ. ನೋಡಬೇಕೆಂದು ಹಂಬಲಿಸಿದ ಮುಖವನ್ನು ಕೊನೆಗೂ ನೋಡಿದ್ದು ಹೀಗೆ, ಬೈಯುತ್ತಾ.

ಆ ಟೆಸ್ಟ್ ಟ್ರ್ಯಾಕಿನಲ್ಲಿ ಮೂರು ವ್ಯಾನುಗಳು ಸಾಲಾಗಿ ಓಡುತ್ತಿದ್ದವು. ಮುಂದಿನದು ಬ್ರೇಕ್ ಹಾಕಿದರೆ ಹಿಂದಿನವಕ್ಕೆ ಬೀಪ್ ಬರಬೇಕು. ಅದಕ್ಕೆ ಮೊದಲು ಚಾಲಕ ಬ್ರೇಕ್ ಮುಟ್ಟುವಂತಿಲ್ಲ. ಸುದ್ದಿ ದಾಟಿಸುವುದು ದಾರಿಬದಿಯ ಕಂಬಗಳು. ವ್ಯಾನು ಮುಂದೆ ಹೋದಂತೆ ಹಳೆಯ ಕಂಬವನ್ನು ಬಿಟ್ಟು ಹೊಸ ಕಂಬವನ್ನು ಹಿಡಿಯಬೇಕು. ಆ ಬಿಟ್ಟು ಹಿಡಿಯುವ ಪ್ರೋಗ್ರಾಂ ಬರೆದವಳು ಅವಳೇ.

ಸಂಜೆ ಮೀಟಿಂಗಿನಲ್ಲಿ ಪರದೆಯ ಮೇಲಿನ ಸಾಲು ತೋರಿಸಿ, "ಬೀಪ್ ಹೋಗಿದೆ ಸರ್. ಚಾಲಕರು ಗಮನ ಕೊಟ್ಟಿಲ್ಲ" ಎಂದಳು. ಮರುದಿನವೇ ಅವನನ್ನು ಗೋದಾಮಿಗೆ ಹಾಕಿದರು.

ಎರಡು ವಾರದ ನಂತರ ಅವಳು ಆ ಪ್ರೋಗ್ರಾಂ ಮತ್ತೆ ತೆರೆದು ನೋಡಿದಳು. ಮೇಜಿನ ಮೇಲಿನ ಪರೀಕ್ಷೆಗೆಂದು, ಹಿಡಿದ ಕಂಬವನ್ನೇ ಬಿಡಬೇಡ ಎಂದು ತಾನೇ ಬರೆದಿದ್ದ ಒಂದು ಸಾಲು ಅಳಿಸದೆ ಹಾಗೇ ಉಳಿದಿತ್ತು. ಬೀಪ್ ಹೋಗಿದ್ದು ಮೂರನೇ ಕಂಬಕ್ಕೆ, ವ್ಯಾನು ಜೋತುಬಿದ್ದಿದ್ದು ಎರಡನೆಯದಕ್ಕೆ. ಹೋಗಿದ್ದನ್ನು ಮುಟ್ಟಿತು ಎಂದು ಓದಿದ್ದಳು!

ಛೀ... ಎಷ್ಟು ಜನರ ಮುಂದೆ ಅಂದುಬಿಟ್ಟೆ!

ನಾಚಿಕೆಯಿಂದ ಊಟ ಸೇರಲಿಲ್ಲ. ಎರಡನೇ ದಿನ ಅಕ್ಕನ ಮುಂದೆ ಬಾಯಿಬಿಟ್ಟಳು.

"ಇಲ್ಲಿ ದಿಂಬಿಗೆ ಮುಖ ಒತ್ಕೊಂಡು ಅತ್ರೆ ಅವನಿಗೇನು ಬಂತೇ?" ಎಂದಳು ಅಕ್ಕ.

"ಕೆಲಸ ಹೋದ್ರೆ?"

"ಈಗ ಹೋಗಿರೋದು ಅವನದು."

ಮರುದಿನ ಅದೇ ಮೀಟಿಂಗ್, ಅದೇ ಮಂದಿ. ಅವಳು ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಕಿವಿಯವರೆಗೂ ಕೆಂಪಾಗಿದ್ದಳು.

"ನನ್ನ ರೂಮಿಗೆ ಬಂದು ಹೇಳಬಹುದಿತ್ತಲ್ಲ?" ಎಂದರು ಮ್ಯಾನೇಜರು.

"ಅವರ ಮೇಲೆ ಹೊರಿಸಿದ್ದು ಇಲ್ಲೇ ಅಲ್ವಾ ಸರ್."

ಪ್ರಾಜೆಕ್ಟಿನಿಂದ ಅವಳನ್ನು ತೆಗೆದರು. ಚಾಲಕನಿಗೆ ವ್ಯಾನು ಮರಳಿ ಕೊಡಿ ಎಂದರು. ಆ ಕೀ ಹಿಡಿದು ಅವಳು ಗೋದಾಮಿಗೆ ಹೋದಳು. ಅವನು ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದ. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ ತಲೆ ತಗ್ಗಿಸಿದಳು.

ಅವನು ಕೈಲಿದ್ದ ಚೀಟಿಯನ್ನು ಪೆಟ್ಟಿಗೆಯ ಮೇಲಿಟ್ಟ.

"ಹಾಗಾದ್ರೆ ಬೀಪ್ ಬಂದೇ ಇರ್ಲಿಲ್ಲ..."

"ಇಲ್ಲ."

"ನೀವು ಹೇಳಿದ್ರಲ್ಲ, ಸುಳ್ಳಿರಲ್ಲ ಅಂದ್ಕೊಂಡೆ. ಕಿವಿ ಡಾಕ್ಟರ ಹತ್ರ ಎರಡು ಸಲ ಹೋದೆ ಮೇಡಂ. ಏನೂ ಇಲ್ಲ ಅಂದ್ರು. ಆಮೇಲೆ ನನ್ನ ತಲೆಯೇ ಸರಿ ಇಲ್ವೇನೋ ಅನ್ನಿಸ್ತು. ಮನೇಲಿ ಬೈಕ್ ಕೂಡ ಮುಟ್ಟಿಲ್ಲ."

ಭೂಮಿ ಬಾಯ್ಬಿಡಬಾರದೇ ಎನ್ನಿಸಿತು ಅವಳಿಗೆ. ಅವನು ತನ್ನ ಕಿವಿಗಿಂತ ಅವಳನ್ನೇ ಹೆಚ್ಚು ನಂಬಿದ್ದ.

"ಬೈದುಬಿಡಿ ನನ್ನ..."

"ಬರ್ತಿಲ್ಲ ಬೈಗಳು. ಎರಡು ತಿಂಗಳು ನಿಮ್ಮ ದನಿ ಕೇಳೋಕೆ ಅಂತಲೇ ಗಾಡಿ ಹತ್ತುತ್ತಿದ್ದೆ, ಗೊತ್ತಾ?"

ಅವಳ ಕಣ್ಣು ತುಂಬಿತು. "ನಾನೂ ಅಷ್ಟೇ. ನೀವಂದ್ರೆ ನನಗೆ ಇಷ್ಟ. ಅದಕ್ಕೇ ಇನ್ನೂ ಜಾಸ್ತಿ ನಾಚಿಕೆ ಆಗ್ತಿದೆ."

ಅವನು ಕೀ ತೆಗೆದುಕೊಂಡು ಅವಳ ಜೊತೆ ವ್ಯಾನಿನವರೆಗೆ ನಡೆದು ಬಾಗಿಲ ಬಳಿ ನಿಂತ.

"ಒಬ್ಬನೇ ಓಡಿಸೋಕೆ ಧೈರ್ಯ ಬರ್ತಿಲ್ಲ."

"ನಾನು ಪಕ್ಕದಲ್ಲಿ ಕೂತ್ಕೊಳ್ಲಾ?"

"ಭಯ ಆಗಲ್ವಾ?"

"ಆಗ್ತಿದೆ. ನೀವು ಕ್ಷಮಿಸಲ್ವೇನೋ ಅಂತ."

"ಇವತ್ತೇ ಆಗಲ್ಲ ಅದು," ಎಂದು ಅವನು ಅವಳಿಗಾಗಿ ಪಕ್ಕದ ಬಾಗಿಲು ತೆರೆದ. "ಆಗೋವರೆಗೂ ದಿನಾ ಬಂದು ಕೂತ್ಕೊಳ್ಳಿ."